ಇಪ್ಪತ್ತರ ಮರೆವಿಗೆ ಬಾದಾಮಿ ಸಾಕಾಗುವುದಿಲ್ಲ

ಕಾಲೇಜು ಹುಡುಗ ಓದಿದ್ದೆಲ್ಲಾ ಮರೆತುಹೋಗ್ತಿದೆ ಅಂದರೆ ಮನೆಯಲ್ಲಿ ಮೊದಲು ಬರುವ ಮಾತು, "ಆ ಮೊಬೈಲ್ ಪಕ್ಕಕ್ಕಿಡು, ಎಲ್ಲಾ ನೆನಪಿರುತ್ತೆ." ಆಮೇಲೆ ನೆನೆಸಿದ ಬಾದಾಮಿ, ಒಂದೆಲಗದ ತಂಬುಳಿ. ತಂಬುಳಿ ನನಗೂ ಇಷ್ಟವೇ. ಆದರೆ ರಾತ್ರಿ ನಿದ್ದೆ ಬರುತ್ತಿದೆಯಾ, ಊಟ ಸೇರುತ್ತಿದೆಯಾ, ಕ್ರಿಕೆಟ್ ಆಡುವುದನ್ನು ಯಾಕೆ ಬಿಟ್ಟೆ ಅಂತ ಯಾರೂ ಕೇಳುವುದಿಲ್ಲ. ಆ ಮರೆವಿನ ಹಿಂದೆ ಡಿಪ್ರೆಶನ್, ಅಂದರೆ ಖಿನ್ನತೆ, ಇರಬಹುದು ಅಂತ ಹೊಳೆಯುವುದೂ ಇಲ್ಲ.

ನಾನು ಡಿಗ್ರಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುವವನು. ಲ್ಯಾಬಿನಲ್ಲಿ ಒಬ್ಬ ಹುಡುಗಿ ಬ್ಯೂರೆಟ್ ರೀಡಿಂಗ್ ನೋಡುತ್ತಿದ್ದಳು, ಬರೆಯಲು ರೆಕಾರ್ಡ್ ಕಡೆ ತಿರುಗುವಷ್ಟರಲ್ಲಿ ಅಂಕಿ ಮರೆತಿರುತ್ತಿತ್ತು. ಮತ್ತೆ ಬಗ್ಗಿ ನೋಡುತ್ತಿದ್ದಳು. ಕೊನೆಗೆ ಅಂಗೈ ಮೇಲೆ ಬರೆದುಕೊಳ್ಳಲು ಶುರು ಮಾಡಿದಳು. ಪಿಯುಸಿಯಲ್ಲಿ ಒಳ್ಳೇ ಮಾರ್ಕ್ಸ್ ತೆಗೆದವಳು. "ದಡ್ಡಿ ಆಗ್ಬಿಟ್ಟೆ ಸರ್" ಅಂದಳು.

ಅದು ದಡ್ಡತನ ಅಲ್ಲ. ಡಿಪ್ರೆಶನ್ ಅಂದರೆ ಅಳು, ಬೇಸರ ಅಷ್ಟೇ ಅಂದುಕೊಂಡಿದ್ದೇವೆ. ಆದರೆ ವೈದ್ಯರು ನೋಡುವ ಲಕ್ಷಣಗಳಲ್ಲಿ ಗಮನ ನಿಲ್ಲದಿರುವುದೂ ಒಂದು. ಗಮನವೇ ನಿಲ್ಲದಿದ್ದರೆ ನೆನಪು ಉಳಿಯುವುದಾದರೂ ಹೇಗೆ? ಇನ್ನೊಂದು ವಿಚಿತ್ರವೂ ಇದೆ. ಖುಷಿಯಾಗಿದ್ದ ಒಂದು ದಿನ ಹೇಳಿ ಅಂದರೆ ಡಿಪ್ರೆಶನ್ ಇರುವವರಲ್ಲಿ ಅನೇಕರು "ಅಜ್ಜಿ ಮನೆಗೆ ಹೋಗ್ತಿದ್ವಿ" ಅಂತ ಒಟ್ಟಾರೆ ಹೇಳಿ ಸುಮ್ಮನಾಗುತ್ತಾರೆ. ಯಾವ ದಿನ, ಅವತ್ತು ಏನಾಯಿತು ಅನ್ನುವುದು ಹೊರಗೆ ಬರುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ಹೆದರಿಕೆಯೂ ಈಗ ಜಾಸ್ತಿ. ಡಿಪ್ರೆಶನ್ ಮೆದುಳನ್ನೇ ತಿಂದುಹಾಕುತ್ತದೆ ಅನ್ನುವ ವಿಡಿಯೋಗಳು ನಿಮಗೂ ಬಂದಿರುತ್ತವೆ. ನಿಜ ಇಷ್ಟು: ಹೊಸ ನೆನಪು ಕೂಡಿಡಲು ಬೇಕಾದ ಹಿಪ್ಪೊಕ್ಯಾಂಪಸ್ ಅನ್ನುವ ಭಾಗ ಮೆದುಳಿನಲ್ಲಿದೆ. ಎನಿಗ್ಮಾ ಅನ್ನುವ ಅಂತರರಾಷ್ಟ್ರೀಯ ತಂಡ 1728 ರೋಗಿಗಳ ಸ್ಕ್ಯಾನ್‌ಗಳನ್ನು ಕಾಯಿಲೆ ಇಲ್ಲದ 7199 ಜನರ ಸ್ಕ್ಯಾನ್‌ಗಳ ಜೊತೆ ಹೋಲಿಸಿತು. ರೋಗಿಗಳಲ್ಲಿ ಆ ಭಾಗ ಸರಾಸರಿ ಶೇ 1.24ರಷ್ಟು ಚಿಕ್ಕದಿತ್ತು. 21ರೊಳಗೆ ಕಾಯಿಲೆ ಶುರುವಾದವರಲ್ಲಿ ವ್ಯತ್ಯಾಸ ಸ್ವಲ್ಪ ಹೆಚ್ಚು, ಶೇ 1.85. ಕಾಯಿಲೆಯಿಂದ ಕುಗ್ಗಿತೋ, ಮೊದಲೇ ಹಾಗಿತ್ತೋ ಅನ್ನುವುದನ್ನು ಈ ಹೋಲಿಕೆ ಹೇಳುವುದಿಲ್ಲ. ಇದು ಸಾವಿರಾರು ಜನರ ಸರಾಸರಿ ಬೇರೆ. ನಿಮ್ಮ ಮಗಳ ಎಂಆರ್‌ಐ ತೆಗೆಸಿ ಡಿಪ್ರೆಶನ್ ಹುಡುಕಲು ಆಗುವುದಿಲ್ಲ. ವೈದ್ಯರು ಬೇರೆ ಕಾರಣಕ್ಕೆ ಬರೆದುಕೊಟ್ಟರೆ ಮಾಡಿಸಿ, ಸುಮ್ನೆ ದುಡ್ಡು ಸುರಿಯಬೇಡಿ. ಥೈರಾಯ್ಡ್, ಬಿ12 ಕಡಿಮೆಯಾದರೂ ಹೀಗೇ ಮಂಕು ಕವಿಯುತ್ತದೆ. ಅದಕ್ಕೊಂದು ರಕ್ತಪರೀಕ್ಷೆ ಸಾಕು.

ಆಮೇಲೆ ಮನೋವೈದ್ಯರ ಹತ್ತಿರ ಹೋಗಲೇಬೇಕು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆ ಇರುವವರಲ್ಲಿ ಶೇ 85ರಷ್ಟು ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಎಲ್ಲಿಂದ ಶುರು ಮಾಡೋದು ಅಂತ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಚಿಕಿತ್ಸೆ ಶುರುವಾದ ಮೇಲೆ ಮನಸ್ಸು ಹಗುರಾದರೂ ನೆನಪು ಸುಧಾರಿಸಲು ಕೆಲವರಿಗೆ ಇನ್ನೂ ಸಮಯ ಬೇಕಾಗುತ್ತದೆ. ಅಷ್ಟಕ್ಕೇ ಮಾತ್ರೆ ಬಿಡಿಸಬೇಡಿ.

ನಮ್ಮ ಮೇಷ್ಟ್ರುಗಳಿಗೂ ಒಂದು ಮಾತು. ಟೈಫಾಯ್ಡ್ ಸರ್ಟಿಫಿಕೇಟ್ ತಂದರೆ ಇಂಟರ್ನಲ್ಸ್ ಇನ್ನೊಮ್ಮೆ ಬರೆಸುತ್ತೇವೆ. ಮನೋವೈದ್ಯರ ಚೀಟಿ ತಂದರೆ ಸ್ಟಾಫ್ ರೂಮಿನಲ್ಲಿ "ಇದೆಲ್ಲಾ ಈಗಿನವರ ಫ್ಯಾಷನ್ ಕಣ್ರೀ" ಅಂತ ನಗು. ಆ ಚೀಟಿಗೂ ಅದೇ ನಿಯಮ ಮಾಡಿ ಅಂತ ಪ್ರಿನ್ಸಿಪಾಲರಿಗೆ ಬರೆದುಕೊಟ್ಟಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ನಿಮ್ಮ ಕಾಲೇಜಿನಲ್ಲಿ ಹೇಗೆ ಮಾಡ್ತಾರೆ? ಗೊತ್ತಿದ್ದವರು ತಿಳಿಸಿ.