ಮಲಅಜ್ಜ ಅಂತ ನಮಗ ಎಂದೂ ಅನಿಸ್ಲಿಲ್ಲ

ಮಲಅಜ್ಜನ ಕಥಿ ಇರೋ ಆ ಕಾದಂಬರಿ ಬಗ್ಗೆ ಭಾಳ ಛಲೋ ಬರದೀರಿ ಸರ್. ಕಾದಂಬರಿಯೊಳಗಿನ ಆ ಮಲಅಜ್ಜ ಹೆಂಡ್ತಿಯ ಮೊದಲನೇ ಗಂಡನ ಫೋಟೋನ ದಿನಾ ಮುಂಜಾನೆ ತನ್ನ ಧೋತರದ ಚುಂಗಿನಿಂದ ಒರಸ್ತಾನಲ್ಲ, ಅದನ್ನ ಓದಿ ಕಣ್ಣಾಗ ನೀರು ಬಂತು ನೋಡ್ರಿ, ಯಾಕಂದ್ರ ನಮ್ಮ ಮನ್ಯಾಗೂ ಹಂತಾ ಒಬ್ಬ ಅಜ್ಜ ಇದ್ದ. ನಮ್ದು ಬಸವನ ಬಾಗೇವಾಡಿ ಕಡೆ ಹಳ್ಳಿ, ಅವ್ವ ಸಣ್ಣಾಕಿ ಇದ್ದಾಗನ ಅಕಿ ಅಪ್ಪ ತೀರಿಕೊಂಡ, ಆಮ್ಯಾಲೆ ಆಯಿ (ಅವ್ವನ ಅವ್ವ) ಈ ಅಜ್ಜನ ಜೋಡಿ ಉಡಿಕಿ ಆದ್ಲು, ಅಂದ್ರ ಎರಡನೇ ಮದುವಿ ಮಾಡ್ಕೊಂಡ್ಲು. ವಿಧವಾ ವಿವಾಹದ ಕಾಯ್ದೆ 1856ರಾಗ ಬಂತು ಅಂತ ಸಾಲ್ಯಾಗ ಕಲಿಸ್ತಾರ ಖರೆ, ಆದ್ರ ನಮ್ಮ ಕಡೆ ಎಷ್ಟೋ ಮಂದ್ಯಾಗ ಉಡಿಕಿ ಪದ್ಧತಿ ಅದಕ್ಕಿಂತ ಹಿಂದಿಂದನೂ ಐತಿ.

ನೀವು ಆ ಅಜ್ಜನ್ನ ತ್ಯಾಗಮೂರ್ತಿ ಅಂದದ್ದು ಮಾತ್ರ ನನಗ ಒಪ್ಪಿಗಿ ಆಗ್ಲಿಲ್ರಿ. ಅಂವಾ ಏನೂ ತ್ಯಾಗ ಮಾಡಿಲ್ಲ, ಅಂವಗ ಮೊಮ್ಮಕ್ಕಳಂದ್ರ ಪ್ರೀತಿ, ಅಷ್ಟ. ನಮ್ಮಜ್ಜನೂ ಹಂಗ, ಬನಿಯನ್ ಕಿಸೆದಾಗ ಯಾವಾಗ್ಲೂ ಪುಟಾಣಿ ಬೆಲ್ಲ ಇರ್ತಿತ್ತು, ಬೆವರಿಗೆ ಬೆಲ್ಲ ಕರಗಿ ಪುಟಾಣಿಗೆಲ್ಲಾ ಅಂಟಿರ್ತಿತ್ತು, ಅದನ್ನ ಬಿಡಿಸಿ ಬಿಡಿಸಿ ನಮ್ಮ ಕೈಯಾಗ ಹಾಕ್ತಿದ್ದ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರಿಗೆ ಹೆಗಲ ಮ್ಯಾಲೆ ಕೂಡ್ರಿಸಿಕೊಂಡು ಹೋಗಿ ಹೋರಿ ತೋರಿಸ್ತಿದ್ದ, ಮದ್ದು ಸುಡೂದು ಮುಗಿಯೂತನಾ ಕೆಳಗ ಇಳಸ್ತಿದ್ದಿಲ್ಲ. ಅಲ್ಲಿ ಯಾರೋ ಒಮ್ಮೆ, ಈ ಹುಡುಗ ನಿಮಗೇನಾಗ್ಬೇಕು ಅಂತ ಕೇಳಿದ್ರು. ಅಜ್ಜ ಒಂದ್ ಕ್ಷಣಾನೂ ತಡಾ ಮಾಡ್ಲಾರ್ದ, ನಮ್ಮ ಹುಡುಗರಿ, ಮಗಳ ಮಗ ಅಂದ.