ಬಯಲುಸೀಮೆಗೂ ಇದು ಹಳೇ ಹಬ್ಬವೇ

ನೆಂಟರೆಲ್ಲ ಒಂದೆಡೆ ಸೇರಿ ಕ್ರಿಸ್‌ಮಸ್ ಮಾಡುವುದು ಕರಾವಳಿಯಲ್ಲಿ ಮಾತ್ರ, ಬಯಲುಸೀಮೆಗೆ ಅದು ಈಚೆಗೆ ಬಂದದ್ದು ಅಂತ ಕ್ರಿಸ್‌ಮಸ್ ಬಗ್ಗೆ ನೀವು ಬರೆದ ಲೇಖನದಲ್ಲಿದೆ. ಬಳ್ಳಾರಿಯವಳಾಗಿ ನಾನು ಇದನ್ನು ಒಪ್ಪುವುದಿಲ್ಲ. ಮಿಷನರಿ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದದ್ದು 1810ರಲ್ಲಿ. ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ನಡೆದದ್ದು ಈ ಊರಲ್ಲೇ. ರಾಯಚೂರು ಜಿಲ್ಲೆಯ ಮುದಗಲ್‌ನ ಕ್ರೈಸ್ತರಂತೂ ಇನ್ನೂ ಹಳಬರು, ಆದಿಲ್‌ಶಾಹಿ ಕಾಲದವರು. ಹಾಗಿರುವಾಗ ಇದು ಈಚಿನದ್ದು ಹೇಗಾಗುತ್ತದೆ?

ಕರಾವಳಿಯವರ ಹಾಗೆ ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳು) ಮಾಡುವುದಿಲ್ಲ ಅಂದ ಮಾತ್ರಕ್ಕೆ ಹಬ್ಬ ಇಲ್ಲ ಅಂತಲ್ಲ. ಕರ್ಚಿಕಾಯಿ, ಚಕ್ಕುಲಿ ಕರಿಯಲು ನಮ್ಮ ಅತ್ತೆ, ಚಿಕ್ಕಮ್ಮಂದಿರು ಎಷ್ಟೋ ದಿನ ಮೊದಲೇ ಬಂದು ಕೂರುತ್ತಾರೆ. ಗುಂತಕಲ್, ಆದೋನಿ ಕಡೆಯವರು ರೈಲಿಗೆ ಬರುತ್ತಾರೆ. ಮನೆ ತುಂಬ ಅರ್ಧ ತೆಲುಗು, ಅರ್ಧ ಕನ್ನಡ, ಹಾಡುಗಳೂ ಹಾಗೇ. ಪಕ್ಕದ ಮನೆಗಳಿಗೆ ತಟ್ಟೆ ಕಳಿಸದೆ ನಾವು ಊಟಕ್ಕೆ ಕೂರುವುದಿಲ್ಲ. ದೀಪಾವಳಿಗೆ ಅಲ್ಲಿಂದಲೂ ಬರುತ್ತದಲ್ವಾ!

ಸೇರುವವರು ಕಡಿಮೆಯಾಗುತ್ತಿದ್ದಾರೆ ಅಂತ ಲೇಖನ ಹೇಳುವುದು ಮಾತ್ರ ನಿಜ. ಆದರೆ ಅದಕ್ಕೆ ಮೊಬೈಲನ್ನು ಸುಮ್ನೆ ದೂರಬೇಡಿ. ಬೆಂಗಳೂರಲ್ಲಿ ಕೆಲಸ ಮಾಡುವ ನಮ್ಮ ಮಕ್ಕಳಿಗೆ 25ನೇ ತಾರೀಖು ಒಂದೇ ದಿನ ರಜೆ. 24ರ ರಾತ್ರಿಯ ಆರಾಧನೆಗೆ ಅವರು ಊರು ಮುಟ್ಟುವುದು ಹೇಗೆ? ಅದನ್ನು ಬರೆಯಿರಿ.