ಹಿಂದಿನ ಸಾಲಿನ ದನಿ

ಕೆನಡಾದ ರಾಜಧಾನಿ ಒಟ್ಟಾವಾದ ಕಲಾಸಂಗ್ರಹಾಲಯ ನ್ಯಾಷನಲ್ ಗ್ಯಾಲರಿಯೊಳಗೆ ಒಂದು ಹಳೆಯ ಚಾಪೆಲ್, ಅಂದರೆ ಕ್ರೈಸ್ತರ ಪುಟ್ಟ ಪ್ರಾರ್ಥನಾ ಮಂದಿರ, ಇದೆ. ಅದು ಮೊದಲು ಒಂದು ಕಾನ್ವೆಂಟಿನಲ್ಲಿತ್ತು. 1972ರಲ್ಲಿ ಕಾನ್ವೆಂಟ್ ಕೆಡವಿದಾಗ ಒಳಗಿನ ಕಂಬ, ಕಮಾನುಗಳನ್ನು ಬಿಚ್ಚಿ ಉಳಿಸಿಕೊಂಡರು. ಆಮೇಲೆ ಅವನ್ನು ಗ್ಯಾಲರಿಯೊಳಗೆ ಜೋಡಿಸಿದರು. ಕೆನಡಾದ ಕಲಾವಿದೆ ಜಾನೆಟ್ ಕಾರ್ಡಿಫ್ 2001ರಲ್ಲಿ ಮಾಡಿದ ‘ಫಾರ್ಟಿ ಪಾರ್ಟ್ ಮೋಟೆಟ್’ ಅನ್ನುವ ಧ್ವನಿ ಕಲಾಕೃತಿಯನ್ನು ನಾನು ಕೇಳಿದ್ದು ಅಲ್ಲೇ. ಮೋಟೆಟ್ ಅಂದರೆ ಹಲವು ದನಿಗಳು ಬೇರೆ ಬೇರೆ ಸಾಲು ಹಾಡುವ ಕ್ರೈಸ್ತ ಭಕ್ತಿಗೀತೆ.

ಕಣ್ಣಿಗೆ ಕಾಣುವುದು ಬರೀ 40 ಸ್ಪೀಕರ್. ಆಳೆತ್ತರದ ಸ್ಟ್ಯಾಂಡುಗಳ ಮೇಲೆ ಸುತ್ತಲೂ ನಿಂತಿವೆ. ಒಂದೊಂದರಿಂದಲೂ ಒಂದೊಂದೇ ದನಿ ಬರುತ್ತದೆ. ಹಾಡಿದ್ದು ಇಂಗ್ಲೆಂಡಿನ ಸಾಲ್ಸ್‌ಬರಿ ಕೆಥೀಡ್ರಲ್‌ನ ಗಾಯಕರು. ರಾಗ ಹಾಕಿದ್ದು ಇಂಗ್ಲೆಂಡಿನ ಸಂಗೀತಗಾರ ಥಾಮಸ್ ಟ್ಯಾಲಿಸ್, 1570ರ ಸುಮಾರಿಗೆ. ಲ್ಯಾಟಿನ್ ಪ್ರಾರ್ಥನೆ, ನಿನ್ನನ್ನು ಬಿಟ್ಟು ಬೇರೆ ಯಾರನ್ನೂ ನಂಬಿಲ್ಲ ದೇವರೇ, ಅಂತ ಶುರುವಾಗುತ್ತದೆ. ನಮ್ಮ ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ. ಹೆಚ್ಚುಕಡಿಮೆ ಒಂದೇ ಕಾಲ, ಅದೇ ಮೊರೆ! ಟ್ಯಾಲಿಸ್ ನಾಲ್ವರು ದೊರೆಗಳ ಕೈಕೆಳಗೆ ಕೆಲಸ ಮಾಡಿದವರು. ಒಬ್ಬರ ನಂತರ ಒಬ್ಬರು ಬಂದಂತೆ ದೇಶದ ಪೂಜೆಯ ರೀತಿಯೇ ಬದಲಾಗುತ್ತಿತ್ತು. ಅದು ಗೊತ್ತಿದ್ದು ಕೇಳಿದರೆ ‘ಬೇರೆ ಯಾರನ್ನೂ ನಂಬಿಲ್ಲ’ ಅನ್ನುವ ಮಾತಿನ ತೂಕವೇ ಬೇರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಹಾಡಿಲ್ಲದ ಮೂರು ನಿಮಿಷ. ಸುಮಾರು 11 ನಿಮಿಷದ ಹಾಡು ಮುಗಿದ ಮೇಲೂ ಸ್ಪೀಕರುಗಳು ಸುಮ್ಮನಾಗುವುದಿಲ್ಲ. ಯಾರೋ ಕೆಮ್ಮುತ್ತಾರೆ, ಯಾರೋ ಪಕ್ಕದವರ ಹತ್ತಿರ ಮಾತಾಡುತ್ತಾರೆ. ಮತ್ತೆ ಹಾಡು ಶುರುವಾಗುತ್ತದೆ. ಆಗ ನಾನು ಒಂದು ಸ್ಪೀಕರಿನ ಪಕ್ಕ ಹೋಗಿ ನಿಂತೆ. ಅಷ್ಟು ದೊಡ್ಡ ಹಾಡಿನೊಳಗೆ ಒಬ್ಬನೇ ಮನುಷ್ಯ ಉಸಿರೆಳೆದುಕೊಂಡು ತನ್ನ ಪಾಲಿನ ಸಾಲು ಹಾಡುತ್ತಿದ್ದ.

ನಮ್ಮ ಭಜನೆಯ ರೀತಿಯೇ ಬೇರೆ. ಅಲ್ಲಿ ಕೇಳುವುದಕ್ಕೆ ಅಂತ ಯಾರೂ ಬರುವುದಿಲ್ಲ. ಬಂದವರೆಲ್ಲ ತಾಳ ಹಾಕಿ ದನಿಗೂಡಿಸುತ್ತಾರೆ. ಚಾಪೆಲ್‌ನಲ್ಲಿ ಜನ ಕಣ್ಣು ಮುಚ್ಚಿ ನಿಂತಿದ್ದರು, ಕೆಲವರು ಕಣ್ಣೊರೆಸಿಕೊಂಡರು. ಆದರೆ ಒಬ್ಬರೂ ಬಾಯಿ ತೆರೆಯಲಿಲ್ಲ. ಭಕ್ತಿಗೆ ನಮ್ಮ ರೀತಿಯೇ ಹತ್ತಿರ ಅಂತ ನನಗೆ ಈಗಲೂ ಅನಿಸುತ್ತದೆ. ಆದರೆ ಹಿಂದೆ ಕೂತವರ ದನಿಗೆ ನಾವು ಕಿವಿ ಕೊಡುವುದೇ ಇಲ್ಲ, ಅಲ್ವಾ? ಅಮ್ಮನ ಭಜನಾ ಮಂಡಳಿಯ ಒಂದು ರೆಕಾರ್ಡಿಂಗ್ ನನ್ನ ಹತ್ತಿರ ಇದೆ. ಮುಂದೆ ಹೇಳಿಕೊಡುವವರ ದನಿ ಸ್ಪಷ್ಟವಾಗಿ ಬಂದಿದೆ. ಅಮ್ಮ ಕೂರುತ್ತಿದ್ದದ್ದು ಹಿಂದಿನ ಸಾಲಿನಲ್ಲಿ. ಎಷ್ಟು ಸಲ ಕೇಳಿದರೂ ಅವಳ ದನಿ ಯಾವುದು ಅಂತ ಗೊತ್ತಾಗುವುದಿಲ್ಲ.

ಊರಲ್ಲಿ ಇರುವವರು ದಯವಿಟ್ಟು ಇದೊಂದು ಕೆಲಸ ಮಾಡಿ. 40 ಮೈಕ್ ಬೇಕಿಲ್ಲ. ಹತ್ತು ಜನರ ಮಂಡಳಿಯಾದರೆ ಒಬ್ಬೊಬ್ಬರ ಮುಂದೆ ಒಂದು ಫೋನ್ ಇಡಿ, ಸಾಕು. ಶ್ರುತಿ ತಪ್ಪಿದರೂ ಇರಲಿ. ಎರಡು ಹಾಡಿನ ನಡುವೆ ಅವರು ಆಡುವ ಮಾತನ್ನು ಮಾತ್ರ ಅಳಿಸಬೇಡಿ.